ನೀರಿನಿಂದ ಟಿಕೆಟ್ಟಿನತ್ತ: ನಾರಿಚ್‌ನಿಂದ ಗೌಡಾಕ್ಕೆ ಹೋದ ಮಿತವ್ಯಯದ ಗಾಳದ ಪ್ರವಾಸ – ಒಂದು ಪ್ರಕರಣ ಅಧ್ಯಯನ

ಪ್ರಕರಣದ ಹಿನ್ನೆಲೆ

ಇಂಗ್ಲೆಂಡಿನ ನಾರಿಚ್‌ ನಗರದಲ್ಲಿ ನೆಲೆಸಿರುವ ಇಬ್ಬರು ಗೆಳೆಯರು ನೆದರ್‌ಲ್ಯಾಂಡ್ಸ್‌ನ ಕಾಲುವೆ ಮತ್ತು ಕೆರೆಗಳಲ್ಲಿ ಒಂದು ವಾರ ಗಾಳ ಹಾಕಿ ಬರಬೇಕೆಂದು ನಿಶ್ಚಯಿಸಿದರು. ಅವರಲ್ಲಿ ಹಿರಿಯರು ಬಸ್‌ ಚಾಲಕರಾಗಿ ನಿವೃತ್ತರಾದವರು. ಕಿರಿಯರು ಪ್ರಯೋಗಾಲಯವೊಂದರಲ್ಲಿ ಇನ್ನೂ ಕೆಲಸದಲ್ಲಿರುವವರು. ಇಬ್ಬರ ಷರತ್ತುಗಳೂ ಸ್ಪಷ್ಟವಾಗಿದ್ದವು. ಕಾರು ಇಲ್ಲ, ವಿಮಾನ ಬೇಡ. ಖರ್ಚು ತಲೆಗೆ 400 ಪೌಂಡ್‌ ಮೀರಬಾರದು. ಹಿರಿಯರ ಮೊಣಕಾಲು ನೋವಿನಿಂದಾಗಿ ದಿನಕ್ಕೆ 30 ಕಿಲೋಮೀಟರಿಗಿಂತ ಹೆಚ್ಚು ಸೈಕಲ್‌ ತುಳಿಯುವಂತಿಲ್ಲ. ಹಿಡಿದ ಮೀನನ್ನೆಲ್ಲ ಮರಳಿ ನೀರಿಗೆ ಬಿಡಬೇಕು. ಅವರ ಆಸೆಯಿದ್ದದ್ದು ಮುಖ್ಯವಾಗಿ ಪರ್ಚ್‌ ಮತ್ತು ಪೈಕ್‌ ಎಂಬ ಬೇಟೆಗಾರ ಮೀನುಗಳ ಮೇಲೆ, ಅದೂ ಕೃತಕ ಎರೆಯಲ್ಲಿ. ಸಂಜೆಯ ಹೊತ್ತು ಬೆಂಡು ಕಟ್ಟಿದ ಗಾಳಕ್ಕೆ ರೋಚ್‌ ಅಥವಾ ಬ್ರೀಮ್‌ ಬಿದ್ದರೆ ಅದೂ ಸಂತೋಷವೇ.

ಅವರು ತಯಾರಿಸಿದ್ದ ಮೊದಲ ಯೋಜನೆ ಹಡಗಿನ ದರಪಟ್ಟಿಯಿಂದ ಹುಟ್ಟಿತ್ತು. ಇಂಗ್ಲೆಂಡಿನ ಹಾರಿಚ್‌ ಬಂದರಿನಿಂದ ನೆದರ್‌ಲ್ಯಾಂಡ್ಸ್‌ನ ಹುಕ್‌ ವಾನ್‌ ಹಾಲಂಡ್‌ ಬಂದರಿಗೆ ಹೋಗುವ ಸ್ಟೆನಾ ಲೈನ್‌ ಫೆರಿಯಲ್ಲಿ ಮೇ ತಿಂಗಳ ಮಧ್ಯದ ದರ ಅಗ್ಗವಾಗಿ ಕಂಡದ್ದರಿಂದ ಆ ವಾರವನ್ನೇ ಆರಿಸಿಕೊಂಡಿದ್ದರು. ಏಳು ರಾತ್ರಿಗಳಲ್ಲಿ ರಾಟರ್‌ಡ್ಯಾಮ್‌, ಗೌಡಾ ಮತ್ತು ಉತ್ತರದ ಫ್ರೀಸ್‌ಲ್ಯಾಂಡ್‌ ಪ್ರಾಂತ್ಯದ ಸ್ನೇಕ್‌ ಎಂಬ ಮೂರು ಕಡೆ ತಂಗುವುದು, ಗುಡಾರ, ಮೂರು ಮೂರು ಗಾಳದ ಕೋಲು, ಎರೆಯ ಡಬ್ಬಿಗಳನ್ನೆಲ್ಲ ಮನೆಯಿಂದಲೇ ಹೊತ್ತೊಯ್ಯುವುದು, ಊರಿಂದೂರಿಗೆ ಸೈಕಲ್ಲನ್ನು ರೈಲಿನಲ್ಲಿ ಹಾಕಿಕೊಂಡು ಹೋಗುವುದು ಎಂದು ಬರೆದಿಟ್ಟಿದ್ದರು. ಈ ಯೋಜನೆಯನ್ನು ಪರಿಶೀಲಿಸಿ ತಿದ್ದಿಕೊಡಬೇಕೆಂದು ಅದನ್ನು ನನ್ನ ಮುಂದಿಟ್ಟರು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ಪ್ರವಾಸವನ್ನು ಟಿಕೆಟ್ಟಿನಿಂದ ಆರಂಭಿಸಿ ನೀರಿನ ಕಡೆಗೆ ಕಟ್ಟಿಕೊಂಡು ಹೋದರೆ ಹೆಜ್ಜೆಹೆಜ್ಜೆಗೂ ಹಣ ಸೋರುತ್ತದೆ. ಯಾವ ಮೀನು, ಅದು ಯಾವ ನೀರಿನಲ್ಲಿದೆ, ಆ ನೀರಿನ ಕಾನೂನು ಏನು ಹೇಳುತ್ತದೆ ಎಂಬುದರಿಂದ ಆರಂಭಿಸಿ, ಅಲ್ಲಿಂದ ಹಿಂದಕ್ಕೆ ಎಣಿಸುತ್ತ ನಿಲ್ದಾಣ, ಬಂದರು, ಕೊನೆಗೆ ಟಿಕೆಟ್ಟಿನವರೆಗೆ ಬರಬೇಕು. ಅಗ್ಗದ ಟಿಕೆಟ್ಟು ಉಳಿಸಿಕೊಡುವುದು ಕೆಲವು ಪೌಂಡುಗಳನ್ನು ಮಾತ್ರ. ತಪ್ಪು ವಾರದಲ್ಲಿ ಹೋದರೆ ಇಡೀ ಪ್ರವಾಸದ ಹಣವೇ ವ್ಯರ್ಥವಾಗುತ್ತದೆ. ಈ ಪ್ರಕರಣದಲ್ಲಿ ಆಗಲಿದ್ದದ್ದೂ ಅದೇ.

ನಿಷೇಧದ ಅವಧಿ

ಇಂಗ್ಲೆಂಡಿನಲ್ಲಿ ಗಾಳ ಹಾಕಿ ಬೆಳೆದವರಿಗೆ ನಿಷೇಧದ ಅವಧಿ ಎಂದರೆ ಮಾರ್ಚ್‌ 15 ರಿಂದ ಜೂನ್‌ 15 ರವರೆಗೆ ನದಿಗಳಿಗೆ ಅನ್ವಯಿಸುವ ನಿಯಮ. ಆ ಅವಧಿಯಲ್ಲೂ ಬಹುತೇಕ ಕೆರೆಗಳಲ್ಲಿ ಮತ್ತು ಕಾಲುವೆಗಳಲ್ಲಿ ಮೀನು ಹಿಡಿಯಬಹುದು. ಆದ್ದರಿಂದ ನಮ್ಮ ಇಬ್ಬರೂ, ತಾವು ಹೋಗುತ್ತಿರುವುದು ಕೆರೆ ಕಾಲುವೆಗಳಿಗೇ ಆದ್ದರಿಂದ ಮೇ ತಿಂಗಳಲ್ಲಿ ತೊಂದರೆಯೇನೂ ಇರಲಾರದು ಎಂದು ಭಾವಿಸಿದ್ದರು. ನೆದರ್‌ಲ್ಯಾಂಡ್ಸ್‌ನಲ್ಲಿ ಕಾನೂನಿನ ತರ್ಕವೇ ಬೇರೆ. ಅಲ್ಲಿ ನಿರ್ಬಂಧ ಬೀಳುವುದು ನೀರಿನ ಬಗೆಯ ಮೇಲಲ್ಲ, ಎರೆಯ ಮೇಲೆ ಮತ್ತು ಮೀನಿನ ಜಾತಿಯ ಮೇಲೆ. ಏಪ್ರಿಲ್‌ 1 ರಿಂದ ಮೇ ತಿಂಗಳ ಕೊನೆಯ ಶನಿವಾರದವರೆಗೆ ಎರೆಹುಳು, ಮಾಂಸದ ಚೂರು, ಸತ್ತ ಮೀನು ಮತ್ತು ಕೃತಕ ಎರೆಗಳನ್ನು ಬಳಸುವಂತಿಲ್ಲ, 2.5 ಸೆಂಟಿಮೀಟರಿಗಿಂತ ಚಿಕ್ಕದಾದ ಕೃತಕ ನೊಣಕ್ಕೆ ಮಾತ್ರ ವಿನಾಯಿತಿ ಉಂಟು. ಪೈಕ್‌ ಮೀನಿಗೆ ನಿಷೇಧ ಇನ್ನೂ ಮೊದಲು, ಮಾರ್ಚ್‌ 1 ರಿಂದಲೇ ಆರಂಭವಾಗುತ್ತದೆ. ಪರ್ಚ್‌ ಮತ್ತು ಝಾಂಡರ್‌ ಮೀನುಗಳಿಗೆ ಏಪ್ರಿಲ್‌ 1 ರಿಂದ. ಇವು ಮೊಟ್ಟೆಯಿಡುವ ತಿಂಗಳುಗಳಾದ್ದರಿಂದ ಈ ನಿಯಮಕ್ಕೆ ಗಟ್ಟಿಯಾದ ಕಾರಣವೂ ಇದೆ. ಗಂಡು ಝಾಂಡರ್‌ ಗೂಡನ್ನು ಬಿಟ್ಟು ಕದಲದೆ ಕಾವಲು ನಿಂತಿರುತ್ತದೆ, ಎದುರಿಗೆ ಬಂದ ಎರೆಯನ್ನು ಸಿಟ್ಟಿನಿಂದ ಕಚ್ಚುತ್ತದೆ. ಅಂಥ ಹೊತ್ತಿನಲ್ಲಿ ಅದನ್ನು ಮೇಲೆತ್ತಿದರೆ ಗೂಡು ಅನಾಥವಾಗುತ್ತದೆ.

ಹೀಗಾಗಿ ಮೇ ಮಧ್ಯದಲ್ಲಿ ಹೋಗಿದ್ದರೆ ಬ್ರೆಡ್ಡು, ಜೋಳದ ಕಾಳುಗಳಿಂದ ರೋಚ್‌ ಹಿಡಿಯಬಹುದಿತ್ತೇ ಹೊರತು, ಯಾವ ಮೀನಿಗಾಗಿ ಸಮುದ್ರ ದಾಟುತ್ತಿದ್ದರೋ ಅದನ್ನು ಮುಟ್ಟುವಂತಿರಲಿಲ್ಲ. ಪ್ರವಾಸವನ್ನು ಜೂನ್‌ ತಿಂಗಳಿಗೆ ಸರಿಸಿದೆವು. ಜೂನ್‌ ತಿಂಗಳಲ್ಲೂ ಎಲ್ಲ ವಾರಗಳು ಒಂದೇ ಅಲ್ಲ. ಪೆಂಟೆಕೋಸ್ಟ್‌ ಹಬ್ಬದ ದೀರ್ಘ ವಾರಾಂತ್ಯದಲ್ಲಿ ಅಲ್ಲಿನ ಗುಡಾರ ತಾಣಗಳು ತುಂಬಿಹೋಗುತ್ತವೆ; ಜುಲೈ ಬಂದರೆ ಶಾಲೆಗಳ ರಜೆಯಿಂದ ಹಡಗಿನ ದರ ಏರುತ್ತದೆ. ಎರಡರ ನಡುವೆ, ಜೂನ್‌ ಮೂರನೆಯ ವಾರದಲ್ಲಿ, ಸೋಮವಾರ ರಾತ್ರಿಯ ಹಡಗಿನಲ್ಲಿ ಹೊರಟು ಭಾನುವಾರ ಹಗಲಿನ ಹಡಗಿನಲ್ಲಿ ಮರಳುವುದು ಎಂದು ಗೊತ್ತುಮಾಡಿದೆವು. ಆ ದಿನಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಸುಮಾರಿಗೆ, ಹುಟ್ಟುವುದು ಬೆಳಗ್ಗೆ ಐದೂವರೆಯ ಒಳಗೆ. ಮೀನು ಹಿಡಿಯಲು ಇಷ್ಟೊಂದು ಬೆಳಕಿರುವಾಗ ರಾತ್ರಿಯ ಮೀನುಗಾರಿಕೆಗೆ ಬೇಕಾಗುವ ಪ್ರತ್ಯೇಕ ಅನುಮತಿಯ ಗೊಡವೆಯೇ ಬೇಡವಾಯಿತು.

ಪರವಾನಗಿಯ ವಿಷಯ ಸರಳ, ಆದರೆ ಅಲಕ್ಷಿಸುವಂಥದ್ದಲ್ಲ. ಇಂಗ್ಲೆಂಡಿನ ಗಾಳದ ಲೈಸೆನ್ಸಿಗೆ ಅಲ್ಲಿ ಬೆಲೆಯಿಲ್ಲ. ನೆದರ್‌ಲ್ಯಾಂಡ್ಸ್‌ನ 1963 ರ ಮೀನುಗಾರಿಕೆ ಕಾಯ್ದೆಯ ಪ್ರಕಾರ ಒಳನಾಡಿನ ನೀರಿನಲ್ಲಿ ಗಾಳ ಹಾಕಲು ಆ ನೀರಿನ ಮೀನುಗಾರಿಕೆಯ ಹಕ್ಕುಳ್ಳವರ ಲಿಖಿತ ಅನುಮತಿ ಬೇಕು. ಇದಕ್ಕೆ ರೂಢಿಯಲ್ಲಿರುವ ದಾರಿ ವಿಸ್‌ಪಾಸ್‌ ಎಂಬ ಕಾರ್ಡು. ಸ್ಥಳೀಯ ಗಾಳದ ಸಂಘವೊಂದರ ಸದಸ್ಯರಾದರೆ ಅದು ಸಿಗುತ್ತದೆ. ಸಂಘಗಳ ಒಕ್ಕೂಟವಾದ ಸ್ಪೋರ್ಟ್‌ವಿಸ್ಸರೈ ನೆದರ್‌ಲ್ಯಾಂಡ್‌ನ ವಿಸ್‌ಪ್ಲಾನರ್‌ ಎಂಬ ನಕಾಶೆಯಲ್ಲಿ ಆ ಕಾರ್ಡಿಗೆ ಯಾವ ಯಾವ ನೀರು ತೆರೆದಿದೆ ಎಂಬುದನ್ನು ನೋಡಿಕೊಳ್ಳಬಹುದು. ಸಂಘದಿಂದ ಸಂಘಕ್ಕೆ ಶುಲ್ಕ ಬದಲಾಗುತ್ತದೆಯಾದ್ದರಿಂದ ನಾವು ತಲೆಗೆ 50 ಯೂರೊ ಎಂದು ತೆಗೆದಿಟ್ಟೆವು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ ವಿಸ್‌ಪಾಸ್‌ ಜನವರಿಯಿಂದ ಡಿಸೆಂಬರ್‌ವರೆಗಿನ ಕ್ಯಾಲೆಂಡರ್‌ ವರ್ಷಕ್ಕೆ ನಡೆಯುತ್ತದೆ. ವರ್ಷದ ಕೊನೆಗೆ ಒಂದೇ ಪ್ರವಾಸ ಹೋಗುವವರಿಗೆ ಅದು ದುಬಾರಿ. ಬೇಸಿಗೆಯಲ್ಲೊಮ್ಮೆ, ಶರತ್ಕಾಲದಲ್ಲೊಮ್ಮೆ ಹೋಗುವವರಿಗೆ ಅದೇ ಶುಲ್ಕ ಪ್ರವಾಸವೊಂದಕ್ಕೆ ಅರ್ಧಕ್ಕಿಳಿಯುತ್ತದೆ. ನೆಲೆಯೂರನ್ನು ಆರಿಸಿದ ಮೇಲಷ್ಟೇ ಸಂಘವನ್ನು ಆರಿಸಬೇಕೆಂದು ನಾನು ಒತ್ತಾಯಿಸಿದೆ, ಏಕೆಂದರೆ ಆಸುಪಾಸಿನ ಕೆಲವು ನೀರುಗಳು ಅಲ್ಲಿನ ಸಂಘದ ಸದಸ್ಯರಿಗೆ ಮಾತ್ರ ಮೀಸಲಾಗಿರುತ್ತವೆ.

ಮೂರು ಊರಿನ ಬದಲು ಒಂದು

ಮೊದಲ ಯೋಜನೆಯ ಅತಿ ದೊಡ್ಡ ಸೋರಿಕೆ ಇದ್ದದ್ದು ಊರೂರು ತಿರುಗುವುದರಲ್ಲಿ. ಫ್ರೀಸ್‌ಲ್ಯಾಂಡಿನ ಕೆರೆಗಳು ಸುಂದರ, ಅದರಲ್ಲಿ ಸಂಶಯವಿಲ್ಲ. ಆದರೆ ಹುಕ್‌ ವಾನ್‌ ಹಾಲಂಡ್‌ನಿಂದ ಸ್ನೇಕ್‌ಗೆ ಹೋಗಲು ಅರ್ಧ ದಿನ, ಮರಳಲು ಇನ್ನರ್ಧ ದಿನ ಬೇಕು. ಹೋಗುವ ದಾರಿಯಲ್ಲಿ ಪ್ರತಿ ಸಲ ರೈಲು ಬದಲಿಸುವಾಗಲೂ ಹೊರೆ ತುಂಬಿದ ಸೈಕಲ್ಲನ್ನು ಹತ್ತಿಸಿ ಇಳಿಸಬೇಕು. ಡಚ್‌ ರೈಲಿನಲ್ಲಿ ಪೂರ್ಣಗಾತ್ರದ ಸೈಕಲ್ಲಿಗೆ ಪ್ರತ್ಯೇಕ ಟಿಕೆಟ್ಟು ಬೇಕು, ಸುಮಾರು 8 ಯೂರೊ. ಅದು ಎಷ್ಟೇ ದೂರಕ್ಕೂ ಒಂದು ದಿನಕ್ಕೆ ಮಾತ್ರ ನಡೆಯುತ್ತದೆ. ಜೊತೆಗೆ ಕೆಲಸದ ದಿನಗಳಲ್ಲಿ ಬೆಳಗ್ಗೆ 6.30 ರಿಂದ 9 ಗಂಟೆಯವರೆಗೂ ಸಂಜೆ 4 ರಿಂದ 6.30 ರವರೆಗೂ ಸೈಕಲ್ಲಿಗೆ ಪ್ರವೇಶವಿಲ್ಲ. ಮಡಚುವ ಸೈಕಲ್ಲಿಗೆ ಈ ಕಟ್ಟುಪಾಡುಗಳಿಲ್ಲ, ಟಿಕೆಟ್ಟೂ ಬೇಡ. ಆದರೆ ನಮ್ಮ ಇಬ್ಬರ ಬಳಿ ಅದು ಇರಲಿಲ್ಲ, ಈ ಪ್ರವಾಸಕ್ಕೆಂದೇ ಕೊಳ್ಳುವುದು ಮಿತವ್ಯಯದ ಮಾತಲ್ಲ.

ಆದ್ದರಿಂದ ಒಂದೇ ನೆಲೆಯನ್ನು ಹುಡುಕಿದೆವು. ಅದಕ್ಕೆ ಮೂರು ಗುಣಗಳಿರಬೇಕಾಗಿತ್ತು: ಬಂದರಿನಿಂದ ಅರ್ಧ ದಿನದೊಳಗೆ ತಲುಪುವಂತಿರಬೇಕು, ಸುತ್ತಲಿನ ಹದಿನೈದು ಕಿಲೋಮೀಟರಿನೊಳಗೆ ಬೇರೆ ಬೇರೆ ಬಗೆಯ ನೀರಿರಬೇಕು, ಮಳೆಗಾಳಿ ಹೆಚ್ಚಾದರೆ ಓಡಿಹೋಗಲು ರೈಲು ನಿಲ್ದಾಣವಿರಬೇಕು. ಗೌಡಾ ಪಟ್ಟಣ ಈ ಮೂರನ್ನೂ ಪೂರೈಸುತ್ತದೆ. ಅದರ ಉತ್ತರಕ್ಕೆ ಕೆಲವೇ ಕಿಲೋಮೀಟರ್‌ ದೂರದಲ್ಲಿ ರೇವೈಕ್‌ನ ಕೆರೆಗಳಿವೆ. ಇವು ಪ್ರಕೃತಿ ಕೊಟ್ಟ ಕೆರೆಗಳಲ್ಲ. ಉರುವಲಿಗಾಗಿ ಶತಮಾನಗಳ ಕಾಲ ಜೌಗುಮಣ್ಣನ್ನು ಅಗೆದು ತೆಗೆದಾಗ ಉಳಿದ ಹಳ್ಳಗಳಲ್ಲಿ ನೀರು ನಿಂತು ಆದವು. ಪಟ್ಟಣವನ್ನು ಮುಟ್ಟಿಕೊಂಡೇ ಹಾಲಂಡ್ಸೆ ಐಸೆಲ್‌ ನದಿ ಹರಿಯುತ್ತದೆ, ಗೌವೆ ಎಂಬ ಜಲಮಾರ್ಗ ಊರಿನೊಳಗೇ ಬರುತ್ತದೆ. ನೈಋತ್ಯಕ್ಕೆ ಝೌಡ್‌ಪ್ಲಾಸ್‌ ಪೋಲ್ಡರ್‌ ಇದೆ. ಪೋಲ್ಡರ್‌ ಎಂದರೆ ಏರಿ ಕಟ್ಟಿ ನೀರನ್ನು ಹೊರಹಾಕಿ ಒಣಗಿಸಿದ ನೆಲ. ಈ ಪೋಲ್ಡರಿನಲ್ಲಿ ಸಮುದ್ರಮಟ್ಟದಿಂದ 6.76 ಮೀಟರ್‌ ಕೆಳಗಿರುವ ನೆಲವನ್ನು ಆ ದೇಶದ ಅತ್ಯಂತ ತಗ್ಗಿನ ಜಾಗವೆಂದು ಗುರುತಿಸಲಾಗಿದೆ. ಅಲ್ಲಿ ಸೈಕಲ್‌ ದಾರಿ ಕೆಳಗೆ, ಸುತ್ತುಗಾಲುವೆಯ ನೀರು ತಲೆಯ ಮೇಲೆ. ಗಾಳ ಹಾಕುವವರಿಗೆ ಇದರ ಅರ್ಥ ವ್ಯಾವಹಾರಿಕವಾದದ್ದು: ಬಯಲಿನ ಕೆರೆಗಳಲ್ಲಿ ಅಲೆಯೆದ್ದ ದಿನ, ಹೊಲಗಳ ನಡುವಿನ ತಗ್ಗಿನ ಕಾಲುವೆಗಳಲ್ಲಿ ಏರಿಯ ಮರೆ ಸಿಗುತ್ತದೆ.

ನೈಋತ್ಯದ ಗಾಳಿ ಆ ಸೀಮೆಯಲ್ಲಿ ಸಾಮಾನ್ಯ. ಗುಡ್ಡವಿಲ್ಲದ ನಾಡಿನಲ್ಲಿ ಸೈಕಲ್‌ ತುಳಿಯುವವರಿಗೆ ಗಾಳಿಯೇ ಗುಡ್ಡ. ಅದಕ್ಕಾಗಿ ದಿನದ ಯೋಜನೆಯನ್ನು ಹೀಗೆ ಬರೆದುಕೊಂಡೆವು: ಸಾಧ್ಯವಿದ್ದಲ್ಲೆಲ್ಲ ಮುಂಜಾನೆ, ಗಾಳಿ ಇನ್ನೂ ಮಂದವಾಗಿರುವಾಗ, ಅದಕ್ಕೆ ಎದುರಾಗಿ ದಕ್ಷಿಣ ಅಥವಾ ಪಶ್ಚಿಮದ ಕಡೆಗೆ ಹೋಗುವುದು, ಸಂಜೆ ದಣಿದ ಕಾಲಿಗೆ ಗಾಳಿ ಬೆನ್ನು ತಳ್ಳುವಂತೆ ಮರಳುವುದು. ದಾರಿ ಹುಡುಕುವ ಕಷ್ಟ ಅಲ್ಲಿಲ್ಲ. ಸೈಕಲ್‌ ದಾರಿಗಳು ಕೂಡುವ ಜಾಗಗಳಿಗೆಲ್ಲ ಅಂಕಿ ಕೊಟ್ಟು ಫಲಕ ಹಾಕಿರುವುದರಿಂದ, ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಸೈಕಲ್ಲಿನ ಹಿಡಿಗೆ ಅಂಟಿಸಿಕೊಂಡರೆ ಫೋನು ತೆಗೆಯದೆಯೇ ಸಾಗಬಹುದು.

ಹಡಗಿನಿಂದ ಕೆರೆಯವರೆಗೆ

ಗ್ರೇಟರ್‌ ಆಂಗ್ಲಿಯಾ ರೈಲು ಜಾಲದ ಯಾವುದೇ ನಿಲ್ದಾಣದಿಂದ ಹಾರಿಚ್‌ವರೆಗಿನ ರೈಲು ಮತ್ತು ಅಲ್ಲಿಂದ ಮುಂದಿನ ಹಡಗನ್ನು ಒಂದುಗೂಡಿಸಿದ ಟಿಕೆಟ್ಟು ಸಿಗುತ್ತದೆ. ನಾರಿಚ್‌ನಂಥ ದೂರದ ನಿಲ್ದಾಣದಿಂದ ಹೊರಡುವವರಿಗೆ ಇದರ ಲಾಭ ಹೆಚ್ಚು. ಸೈಕಲ್ಲನ್ನು ಹಡಗಿನ ಬುಕಿಂಗಿನಲ್ಲಿಯೇ ಸೇರಿಸಬೇಕು, ನಾರಿಚ್‌ನಿಂದ ಬರುವ ಇಂಟರ್‌ಸಿಟಿ ರೈಲಿನಲ್ಲಿಯೂ ಅದಕ್ಕೆ ಜಾಗ ಕಾಯ್ದಿರಿಸಿಕೊಳ್ಳಬೇಕು. ಮ್ಯಾನಿಂಗ್‌ಟ್ರೀಯಲ್ಲಿ ಇಳಿದು ಕವಲು ಮಾರ್ಗದ ರೈಲು ಹಿಡಿದರೆ ಹಾರಿಚ್‌ ಇಂಟರ್‌ನ್ಯಾಷನಲ್‌ ನಿಲ್ದಾಣ; ಹಡಗುಕಟ್ಟೆ ಅದಕ್ಕೆ ಹೊಂದಿಕೊಂಡೇ ಇದೆ. ರಾತ್ರಿಯ ಹಡಗು ಸಾಮಾನ್ಯವಾಗಿ 11 ಗಂಟೆಗೆ ಹೊರಡುತ್ತದೆ, ಆದರೆ ಚೆಕ್‌-ಇನ್‌ ಅದಕ್ಕೆ ಸಾಕಷ್ಟು ಮೊದಲೇ ಮುಚ್ಚುತ್ತದೆ. ಕೂಡುರೈಲು ತಪ್ಪಿದರೂ ಹಡಗು ತಪ್ಪದಿರುವಂತೆ, ಬೇಕಾದ್ದಕ್ಕಿಂತ ಒಂದು ರೈಲು ಮೊದಲೇ ಹೊರಡುವುದೆಂದು ಬರೆದೆವು. ಕಾಯುವ ಒಂದೆರಡು ಗಂಟೆಗೆ ಹಣ ಕೊಡಬೇಕಾಗಿಲ್ಲ.

ರಾತ್ರಿಯ ಪಯಣದಲ್ಲಿ ಕ್ಯಾಬಿನ್‌ ಕಡ್ಡಾಯ, ಅದರ ದರ ಕೋಣೆಗೆ ಹೊರತು ತಲೆಗಲ್ಲ. ಒಬ್ಬರೇ ಹೋಗುವವರಿಗೆ ಇದು ಭಾರ; ಇಬ್ಬರು ಹಂಚಿಕೊಂಡರೆ ಒಂದು ರಾತ್ರಿಯ ವಸತಿಯೂ ಪಯಣವೂ ಒಂದೇ ಹಣದಲ್ಲಿ ಮುಗಿಯುತ್ತವೆ. ಹಗಲಿನ ಹಡಗಿನಲ್ಲಿ ಕ್ಯಾಬಿನ್‌ ಬೇಡ, ಆದ್ದರಿಂದ ಮರಳುವ ಪಯಣಕ್ಕೆ ಅದನ್ನೇ ಇಟ್ಟೆವು. ಹೋಗುವಾಗ ರಾತ್ರಿ, ಬರುವಾಗ ಹಗಲು ಎಂಬ ಈ ಜೋಡಣೆ ಈ ಮಾರ್ಗಕ್ಕೆ ಅತ್ಯುತ್ತಮವೆಂದು ನಾನು ನಂಬುತ್ತೇನೆ, ಏಕೆಂದರೆ ಅದು ಪ್ರವಾಸದ ಮೊದಲ ಬೆಳಗನ್ನು ಉಳಿಸಿಕೊಡುತ್ತದೆ.

ಆ ಬೆಳಗನ್ನು ಹೇಗೆ ಬಳಸುವುದು ಎಂಬುದರಲ್ಲಿ ಒಂದು ತೊಡಕಿತ್ತು. ಹಡಗು ಬೆಳಗ್ಗೆ 8 ಕ್ಕೆ ಮುಟ್ಟುತ್ತದೆ. ಹುಕ್‌ ವಾನ್‌ ಹಾಲಂಡ್‌ನಿಂದ ಹಿಂದೆ ಸಾಮಾನ್ಯ ರೈಲು ಓಡುತ್ತಿತ್ತು. 2017 ರಲ್ಲಿ ಅದನ್ನು ನಿಲ್ಲಿಸಿ, 2019 ರಿಂದ ಅದೇ ಹಳಿಯ ಮೇಲೆ ರಾಟರ್‌ಡ್ಯಾಮ್‌ ಮೆಟ್ರೋದ ಬಿ ಮಾರ್ಗವನ್ನು ಓಡಿಸಲಾಗುತ್ತಿದೆ. ಈ ಬದಲಾವಣೆ ಸೈಕಲ್‌ ಪ್ರಯಾಣಿಕರಿಗೆ ಅನುಕೂಲವೇ ಆಗಿದೆ, ಏಕೆಂದರೆ ಮೆಟ್ರೋದಲ್ಲಿ ಸೈಕಲ್ಲಿಗೆ ಟಿಕೆಟ್ಟಿಲ್ಲ. ಆದರೆ ಕೆಲಸದ ದಿನಗಳ ದಟ್ಟಣೆಯ ಹೊತ್ತಿನಲ್ಲಿ, ಬೆಳಗ್ಗೆ 9 ರವರೆಗೆ, ಸೈಕಲ್ಲನ್ನು ಒಳಗೆ ಬಿಡುವುದಿಲ್ಲ. ಕಾಯುವ ಹೊತ್ತನ್ನು ವ್ಯರ್ಥ ಮಾಡುವ ಬದಲು ಅದನ್ನೇ ದೊಡ್ಡದು ಮಾಡಿದೆವು. ಹುಕ್‌ ವಾನ್‌ ಹಾಲಂಡ್‌ ಇರುವುದೇ ಸಮುದ್ರದ ಅಂಚಿನಲ್ಲಿ. ಸಮುದ್ರದಲ್ಲಿ ಗಾಳ ಹಾಕಲು ವಿಸ್‌ಪಾಸ್‌ ಬೇಡ. ಮೊದಲ ಬೆಳಗನ್ನು ಅಲ್ಲಿನ ಉತ್ತರದ ಅಲೆತಡೆಗೆ ಮೀಸಲಿಟ್ಟು, ಮಧ್ಯಾಹ್ನ ದಟ್ಟಣೆಯಿಲ್ಲದ ಹೊತ್ತಿನಲ್ಲಿ ಮೆಟ್ರೋ ಹತ್ತುವುದೆಂದು ನಿರ್ಧರಿಸಿದೆವು.

ನಕಾಶೆಯನ್ನು ತಾಳ್ಮೆಯಿಂದ ನೋಡಿದಾಗ ಇನ್ನೊಂದು ಉಳಿತಾಯ ಕಂಡಿತು. ಬಿ ಮಾರ್ಗದ ಮೆಟ್ರೋ ರಾಟರ್‌ಡ್ಯಾಮ್‌ ನಗರವನ್ನು ಹಾಯ್ದು ಅದರ ಈಶಾನ್ಯದ ಅಂಚಿನಲ್ಲಿರುವ ನೆಸ್ಸೆಲಾಂಡೆಯವರೆಗೂ ಹೋಗುತ್ತದೆ. ಅಲ್ಲಿಂದ ರೇವೈಕ್‌ನ ಕೆರೆಗಳಿಗೆ ಸುಮಾರು 20 ಕಿಲೋಮೀಟರ್‌, ಎಲ್ಲವೂ ಸಮತಟ್ಟಾದ ದಾರಿ, ಗಾಳಿ ಬೆನ್ನ ಹಿಂದೆ. ಹಾಗಾಗಿ ಡಚ್‌ ರೈಲನ್ನಾಗಲಿ ಅದರ ಸೈಕಲ್‌ ಟಿಕೆಟ್ಟನ್ನಾಗಲಿ ಮುಟ್ಟದೆಯೇ ನೆಲೆಯನ್ನು ಸೇರಬಹುದು. ಮಳೆ ಸುರಿದರೆ ಅದೇ ಮಾರ್ಗದ ಅಲೆಕ್ಸಾಂಡರ್‌ ನಿಲ್ದಾಣದಲ್ಲಿ ಇಳಿದು ಗೌಡಾಕ್ಕೆ ರೈಲು ಹಿಡಿಯುವುದು ಪರ್ಯಾಯ. ರೈಲಿನಲ್ಲಿ ಸೈಕಲ್ಲಿನ ಟಿಕೆಟ್ಟೊಂದನ್ನು ಬಿಟ್ಟರೆ ಎರಡಕ್ಕೂ ಮುಂಗಡ ಟಿಕೆಟ್ಟು ಬೇಡ. ಸ್ಪರ್ಶರಹಿತ ಬ್ಯಾಂಕ್‌ ಕಾರ್ಡನ್ನು ಹತ್ತುವಾಗಲೊಮ್ಮೆ, ಇಳಿಯುವಾಗಲೊಮ್ಮೆ ಯಂತ್ರಕ್ಕೆ ತೋರಿಸಿದರೆ ಸಾಕು. ಮೆಟ್ರೋದಿಂದ ರೈಲಿಗೆ ಬದಲಾಗುವಾಗ ಒಂದರಲ್ಲಿ ಇಳಿದದ್ದನ್ನು ದಾಖಲಿಸಿ ಇನ್ನೊಂದರಲ್ಲಿ ಹತ್ತಿದ್ದನ್ನು ದಾಖಲಿಸುವುದನ್ನು ಮರೆಯಬಾರದು.

ವಸತಿಗೆ ಮೊದಲ ನಾಲ್ಕು ರಾತ್ರಿ ಕೆರೆಗಳ ಸಮೀಪದ ಗುಡಾರ ತಾಣ. ಎಲ್ಲಿ ಬೇಕೆಂದರಲ್ಲಿ ಗುಡಾರ ಹಾಕುವುದು ಆ ದೇಶದಲ್ಲಿ ನಿಷಿದ್ಧ, ಆದ್ದರಿಂದ ದಂಡೆಯ ಮೇಲೆಯೇ ಮಲಗುವ ಆಸೆಯನ್ನು ಕಿರಿಯರು ಬಿಡಬೇಕಾಯಿತು. ಕೊನೆಯ ರಾತ್ರಿಗೆ ಮೆಟ್ರೋ ಮಾರ್ಗದಲ್ಲೇ ಇರುವ, ಬಂದರಿಗೆ ಸಮೀಪದ ಮಾಸ್‌ಲೌಸ್‌ ಪಟ್ಟಣದಲ್ಲಿ ಒಂದು ಮನೆಯನ್ನು ಗೊತ್ತುಮಾಡಿದೆವು. 1984 ರಿಂದ ನಡೆದುಬಂದಿರುವ ‘ಫ್ರೀಂಡೆನ್‌ ಆಪ್‌ ಡೆ ಫೀಟ್ಸ್‌’ ಎಂಬ ಜಾಲದಲ್ಲಿ ಸೈಕಲ್ಲಿನಲ್ಲಿ ಅಥವಾ ಕಾಲ್ನಡಿಗೆಯಲ್ಲಿ ಬರುವ ಸದಸ್ಯರಿಗೆ ಮನೆಗಳವರು ನಿಗದಿತ ಸಣ್ಣ ದರಕ್ಕೆ ಹಾಸಿಗೆ ಮತ್ತು ಬೆಳಗಿನ ತಿಂಡಿ ಕೊಡುತ್ತಾರೆ. ಹಡಗಿನ ದಿನದ ಬೆಳಗ್ಗೆ ಗುಡಾರ ಕಳಚುವ ಗಡಿಬಿಡಿ ಇರಬಾರದು, ಬಂದರು ಸೈಕಲ್ಲಿನ ಅಳತೆಯಲ್ಲಿರಬೇಕು ಎಂಬ ಕಾರಣಕ್ಕೆ ಈ ಏರ್ಪಾಡು.

ಹೊರೆ ಮತ್ತು ಗಡಿ

ಕಾರಿನಲ್ಲಿ ಹೋಗುವವರ ಸಾಮಾನಿನ ಪಟ್ಟಿಯನ್ನು ಸೈಕಲ್ಲಿಗೆ ಹೇರಲಾಗದು. ಮೂರು ಕೋಲಿನ ಬದಲು ತಲೆಗೆ ಎರಡು ಸಾಕೆಂದಾಯಿತು; ವಿಸ್‌ಪಾಸ್‌ ಕೂಡ ಸಾಮಾನ್ಯವಾಗಿ ಎರಡಕ್ಕಷ್ಟೇ ಅವಕಾಶ ಕೊಡುತ್ತದೆ. ಒಂದು, ನಾಲ್ಕು ತುಂಡಾಗಿ ಕಳಚಿ ಕೊಳವೆಯಲ್ಲಿಟ್ಟು ಸೈಕಲ್ಲಿನ ಚೌಕಟ್ಟಿಗೆ ಕಟ್ಟಬಹುದಾದ ಎಸೆಗೋಲು. ಇನ್ನೊಂದು, ಒಂದರೊಳಗೊಂದು ಸೇರಿಕೊಳ್ಳುವ, ರೀಲಿಲ್ಲದ ಉದ್ದನೆಯ ಬೆಂಡಿನ ಕೋಲು. ಮಡಚುವ ಕೈಬಲೆ, ಮೀನನ್ನು ಇಳಿಸಿ ಕೊಕ್ಕೆ ಬಿಡಿಸಲು ಒಂದು ಮೆತ್ತನೆಯ ಹಾಸು, ಉದ್ದ ಮೂತಿಯ ಇಕ್ಕಳ ಇವುಗಳನ್ನು ಹಂಚಿಕೊಂಡರು. ಪರ್ಚ್‌ಗೆಂದು ಹಾಕಿದ ಸಣ್ಣ ಎರೆಯನ್ನೂ ಅಲ್ಲಿ ಪೈಕ್‌ ಕಚ್ಚುವುದುಂಟು. ಅದರ ಹಲ್ಲಿಗೆ ಸಾಮಾನ್ಯ ದಾರ ಕತ್ತರಿಸಿ ಕೊಕ್ಕೆ ಬಾಯಲ್ಲೇ ಉಳಿದರೆ ಮೀನು ನರಳಿ ಸಾಯುತ್ತದೆ. ಹಾಗಾಗಿ ತುದಿಯಲ್ಲಿ ತೆಳುವಾದ ಉಕ್ಕಿನ ತಂತಿಯಿಲ್ಲದೆ ಒಂದು ಎಸೆತವೂ ಬೇಡ ಎಂದು ನಾನು ಹೇಳಿದ್ದನ್ನು ಇಬ್ಬರೂ ಒಪ್ಪಿದರು. ಹಿಡಿದದ್ದನ್ನೆಲ್ಲ ಬಿಡುವುದಾದ್ದರಿಂದ ಮೀನು ಸೀಳುವ ಚಾಕು ಮನೆಯಲ್ಲೇ ಉಳಿಯಿತು.

ಎರೆಯ ವಿಷಯದಲ್ಲಿ ಗಡಿಯ ಕಾನೂನು ಅಡ್ಡ ಬಂತು. ಇಂಗ್ಲೆಂಡಿನಲ್ಲಿ ಡಬ್ಬಿಯ ಹಂದಿಮಾಂಸವನ್ನೂ ಚೀಸನ್ನು ನಾದಿದ ಉಂಡೆಯನ್ನೂ ಎರೆಯಾಗಿ ಬಳಸುವ ರೂಢಿ ಹಳೆಯದು. ಆದರೆ ಬ್ರಿಟನ್‌ ಐರೋಪ್ಯ ಒಕ್ಕೂಟವನ್ನು ತೊರೆದ ಮೇಲೆ, 2021 ರ ಆರಂಭದಿಂದ, ಅಲ್ಲಿಂದ ಒಕ್ಕೂಟದೊಳಕ್ಕೆ ಪ್ರಯಾಣಿಕರು ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ತರುವಂತಿಲ್ಲ. ಆ ಜನವರಿಯಲ್ಲಿ ಇದೇ ಹುಕ್‌ ವಾನ್‌ ಹಾಲಂಡ್‌ ಬಂದರಿನಲ್ಲಿ ಚಾಲಕರ ಸ್ಯಾಂಡ್‌ವಿಚ್ಚುಗಳನ್ನು ಅಧಿಕಾರಿಗಳು ತೆಗೆದುಕೊಂಡ ದೃಶ್ಯ ದೂರದರ್ಶನದಲ್ಲಿ ಬಂದು ಸುದ್ದಿಯಾಗಿತ್ತು. ಎರೆಯೆಲ್ಲವನ್ನೂ ಅಲ್ಲಿನ ಗಾಳದ ಅಂಗಡಿಯಲ್ಲೇ ಕೊಳ್ಳುವುದೆಂದು ತೀರ್ಮಾನಿಸಿದೆವು, ಹೊರೆಯೂ ಇಳಿಯಿತು. ಮರಳುವಾಗಲೂ ಎಚ್ಚರ ಬೇಕು. ಕಾಲುಬಾಯಿ ಜ್ವರದ ಭೀತಿಯಿಂದ 2025 ರ ಏಪ್ರಿಲ್‌ನಲ್ಲಿ ಬ್ರಿಟನ್‌ ಕೂಡ ಒಕ್ಕೂಟದ ದೇಶಗಳಿಂದ ಪ್ರಯಾಣಿಕರು ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ತರುವುದನ್ನು ನಿಷೇಧಿಸಿತು. ಗೌಡಾದಿಂದ ಚೀಸಿನ ಚಕ್ರ ತರುವ ಯೋಚನೆಯನ್ನು ಅದಕ್ಕಾಗಿ ಕೈಬಿಟ್ಟರು. ಪಾಸ್‌ಪೋರ್ಟಿಗೆ ಹತ್ತು ವರ್ಷ ತುಂಬಿರಬಾರದು, ಮರಳುವ ದಿನದಿಂದ ಮೂರು ತಿಂಗಳಾದರೂ ಅವಧಿ ಉಳಿದಿರಬೇಕು ಎಂಬುದನ್ನೂ ಪರೀಕ್ಷಿಸಿಕೊಂಡರು.

ಸರಕಿಗಿಂತ ಹೆಚ್ಚಾಗಿ ನನ್ನನ್ನು ಕಾಡುವ ಗಡಿಯ ಪ್ರಶ್ನೆ ಬೇರೊಂದಿದೆ. ಕಪ್ಪು ಸಮುದ್ರ ಮತ್ತು ಕ್ಯಾಸ್ಪಿಯನ್‌ ಸಮುದ್ರದ ಸೀಮೆಯಿಂದ ಡ್ಯಾನ್ಯೂಬ್‌ ಮತ್ತು ರೈನ್‌ ನದಿಗಳನ್ನು ಕೂಡಿಸುವ ಕಾಲುವೆಯ ಮೂಲಕ ಪಶ್ಚಿಮಕ್ಕೆ ಹಬ್ಬಿದ ಒಂದು ಸಣ್ಣ ಸಿಗಡಿ ನೆದರ್‌ಲ್ಯಾಂಡ್ಸ್‌ನ ನೀರುಗಳಲ್ಲಿ ನೆಲೆಯೂರಿದೆ. ಕೊಲೆಗಡುಕ ಸಿಗಡಿ ಎಂದೇ ಹೆಸರಾದ ಇದು ನೀರಿನ ಸಣ್ಣ ಹುಳುಗಳನ್ನು ತಿನ್ನದೆಯೂ ಕೊಂದುಹಾಕುತ್ತದೆ, ಮೀನಿನ ಮೊಟ್ಟೆಗಳನ್ನೂ ಬಿಡುವುದಿಲ್ಲ. 2010 ರಲ್ಲಿ ಇಂಗ್ಲೆಂಡಿನ ಗ್ರಾಫಮ್‌ ಜಲಾಶಯದಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡಿತು. ಒದ್ದೆಯಾದ ಬಲೆಯ ಮಡಿಕೆಯಲ್ಲಿ ಅದು ದಿನಗಟ್ಟಲೆ ಬದುಕಬಲ್ಲದು. ಆದ್ದರಿಂದ ಕೊನೆಯ ದಿನ ಒಳನಾಡಿನ ನೀರಿನಲ್ಲಿ ಗಾಳ ಹಾಕುವುದೇ ಬೇಡ, ಶನಿವಾರ ಮಧ್ಯಾಹ್ನ ಕೈಬಲೆ, ಹಾಸು, ಬೂಟುಗಳನ್ನು ನೋಡಿ, ತೊಳೆದು, ಬಿಸಿಲಿಗೆ ಹಾಕಿ, ಮನೆಗೆ ಬಂದ ಮೇಲೆ ಬಿಸಿನೀರಿನಲ್ಲಿ ಮತ್ತೊಮ್ಮೆ ತೊಳೆದು ಪೂರ್ತಿ ಒಣಗುವವರೆಗೆ ಬಳಸಬಾರದು ಎಂಬುದನ್ನು ಯೋಜನೆಯ ಭಾಗವಾಗಿಯೇ ಬರೆದೆವು. ಮೀನನ್ನು ನೀರಿಗೆ ಬಿಟ್ಟರಷ್ಟೇ ಪ್ರೀತಿ ತೋರಿಸಿದಂತಾಗುವುದಿಲ್ಲ. ತನ್ನೂರಿನ ನದಿಗೆ ಇಂಥ ಪಿಡುಗನ್ನು ತಾರದಿರುವುದೂ ಅದರೊಳಗೇ ಸೇರಿದೆ.

ನಡೆದದ್ದು

ಪ್ರವಾಸ ಬಹುಮಟ್ಟಿಗೆ ಬರೆದಂತೆಯೇ ನಡೆಯಿತು. ಅಲೆತಡೆಯ ಮೇಲಿನ ಮೊದಲ ಬೆಳಗಿನಲ್ಲಿ ಮೀನು ಸಿಗಲಿಲ್ಲ, ಆದರೆ ಹಡಗಿನಿಂದಿಳಿದು ಒಂದು ಗಂಟೆಯೊಳಗೆ ಗಾಳ ನೀರಿನಲ್ಲಿತ್ತು ಎಂಬುದನ್ನು ಹಿರಿಯರು ಇಂದಿಗೂ ಹೇಳುತ್ತಾರೆ. ನೆಸ್ಸೆಲಾಂಡೆಯಿಂದ ಕೆರೆಗಳವರೆಗಿನ ಸವಾರಿಯಲ್ಲಿ ಅವರ ಮೊಣಕಾಲು ಕಾಡಲಿಲ್ಲ. ಪೋಲ್ಡರಿನ ಕಾಲುವೆಗಳಲ್ಲಿ ಸಣ್ಣ ಸೇತುವೆಗಳ ನೆರಳು ಪರ್ಚ್‌ಗಳ ಠಾವು. ಅಲ್ಲಿ ಬೆಳಗಿನ ಹೊತ್ತು ಚೆನ್ನಾಗಿ ಸಿಕ್ಕವು. ಉಕ್ಕಿನ ತಂತಿ ಎರಡು ಪೈಕ್‌ಗಳ ಬಾಯನ್ನು ಉಳಿಸಿತು.

ಯೋಜನೆ ಕೈಕೊಟ್ಟದ್ದು ಒಂದು ಕಡೆ. ವಿಸ್‌ಪ್ಲಾನರ್‌ ನಕಾಶೆ ಅನುಮತಿಯಿದೆಯೆಂದು ತೋರಿಸಿದ ಕೆರೆಯ ಒಂದು ದಂಡೆಗೆ ಹೋದಾಗ, ನೀರಿಗೆ ಅನುಮತಿಯಿದ್ದರೂ ದಂಡೆಯುದ್ದಕ್ಕೂ ಖಾಸಗಿ ಮನೆಗಳ ಹಿತ್ತಿಲುಗಳು, ಉಳಿದೆಡೆ ಆಳೆತ್ತರದ ಜೊಂಡು. ದೋಣಿಯಿದ್ದವರಿಗೆ ಮಾತ್ರ ಅದು ತೆರೆದ ನೀರು. ಅರ್ಧ ದಿನ ಹೀಗೆ ಹೋಯಿತು. ನೀರಿಗೆ ಅನುಮತಿ ಇದೆಯೇ ಎಂಬುದರ ಜೊತೆಗೆ ಸಾರ್ವಜನಿಕ ದಾರಿಯಿಂದ ಆ ನೀರಿಗೆ ಕಾಲಿಡಲು ಜಾಗವಿದೆಯೇ ಎಂಬುದನ್ನು ಉಪಗ್ರಹದ ಚಿತ್ರದಲ್ಲಿ ಮೊದಲೇ ನೋಡಿಕೊಳ್ಳುವುದನ್ನು ಈಗ ಪಟ್ಟಿಗೆ ಸೇರಿಸಿದ್ದಾರೆ. ಗಾಳಿ ಜೋರಾದ ಒಂದು ದಿನ ಕೆರೆಗಳನ್ನು ಬಿಟ್ಟು ಏರಿಯ ಮರೆಯ ಕಾಲುವೆಗೆ ಹೋದದ್ದು ಫಲಿಸಿತು. ಗೌಡಾದಿಂದ ಮಾಸ್‌ಲೌಸ್‌ಗೆ ಬರುವ ಶನಿವಾರ ಎದುರುಗಾಳಿ ಇದ್ದುದರಿಂದ ಅಲೆಕ್ಸಾಂಡರ್‌ವರೆಗೆ ರೈಲನ್ನೇ ಹಿಡಿದರು. ಡಚ್‌ ರೈಲಿನ ಸೈಕಲ್‌ ಟಿಕೆಟ್ಟು ಕೊಂಡದ್ದು ಆ ಒಂದೇ ದಿನ, ವಾರಾಂತ್ಯವಾದ್ದರಿಂದ ಸಮಯದ ನಿರ್ಬಂಧವೂ ಇರಲಿಲ್ಲ.

ಖರ್ಚು ಇಬ್ಬರಿಗೂ 400 ಪೌಂಡಿನ ಮಿತಿಯೊಳಗೇ ಮುಗಿಯಿತು. ಅದರಲ್ಲಿ ಅರ್ಧದಷ್ಟನ್ನು ಹಡಗು, ಕ್ಯಾಬಿನ್‌ ಮತ್ತು ಇಂಗ್ಲೆಂಡಿನ ರೈಲು ಸೇರಿ ನುಂಗಿದವು. ಉಳಿದರ್ಧದಲ್ಲಿ ವಸತಿ, ಊಟ, ವಿಸ್‌ಪಾಸ್‌, ಎರೆ, ಮೆಟ್ರೋ ಎಲ್ಲವೂ ಅಡಗಿದವು. ಜೂನ್‌ ದರ ಮೇ ದರಕ್ಕಿಂತ ಹೆಚ್ಚಿದ್ದುದು ನಿಜ. ಆದರೆ ಏಳು ರಾತ್ರಿಗಳನ್ನು ಐದಕ್ಕೆ ಇಳಿಸಿ, ಮೂರು ಊರುಗಳನ್ನು ಒಂದಾಗಿಸಿದ್ದರಿಂದ ಆ ಹೆಚ್ಚಳವನ್ನು ಮೀರಿದ ಉಳಿತಾಯವಾಯಿತು. ಗಾಳ ನೀರಿನಲ್ಲಿದ್ದ ಗಂಟೆಗಳು ಮೊದಲ ಯೋಜನೆಯಲ್ಲಿ ಸಿಗಬಹುದಾಗಿದ್ದಕ್ಕಿಂತ ಕಡಿಮೆಯೇನೂ ಆಗಲಿಲ್ಲ.

ಅವರ ವಿಸ್‌ಪಾಸ್‌ಗಳು ಡಿಸೆಂಬರ್‌ 31 ರವರೆಗೆ ನಡೆಯುವುದರಿಂದ ಈಗ ಅಕ್ಟೋಬರ್‌ನ ಯೋಜನೆ ಮೇಜಿನ ಮೇಲಿದೆ. ನೀರು ತಣ್ಣಗಾದಾಗ ಪೈಕ್‌ ದಪ್ಪವಾಗಿರುತ್ತದೆ, ಜೊಂಡಿನ ನಡುವಿನ ನೀರಿನ ಸಸ್ಯಗಳು ಇಳಿದಿರುತ್ತವೆ, ಹಡಗಿನಲ್ಲಿ ಜನ ಕಡಿಮೆ. ಆದರೆ ಹಗಲು ಜೂನ್‌ಗಿಂತ ಬಹಳ ಚಿಕ್ಕದು, ಗುಡಾರ ತಾಣಗಳಲ್ಲಿ ಹಲವು ಅಷ್ಟರೊಳಗೆ ಬಾಗಿಲು ಹಾಕಿರುತ್ತವೆ. ಹಾಗಾಗಿ ಗುಡಾರವನ್ನು ಬಿಟ್ಟು, ಈ ಸಲ ತಂಗುವ ಮೂರೂ ರಾತ್ರಿಗಳನ್ನು ಗೌಡಾದ ಒಂದೇ ಮನೆಯಲ್ಲಿ ಕಳೆಯುವುದು, ಗುಡಾರದ ತೂಕ ಉಳಿದ ಜಾಗದಲ್ಲಿ ಬೆಚ್ಚನೆಯ ಬಟ್ಟೆ ಮತ್ತು ಸೈಕಲ್ಲಿಗೆ ಒಳ್ಳೆಯ ದೀಪಗಳನ್ನು ಒಯ್ಯುವುದು, ಮಂಗಳವಾರದ ಬದಲು ಶನಿವಾರ ಬೆಳಗ್ಗೆ ಇಳಿದು ಮೆಟ್ರೋವನ್ನು ಕೂಡಲೇ ಹತ್ತುವುದು ಎಂದು ಬರೆದುಕೊಂಡಿದ್ದಾರೆ. ಶುಕ್ರವಾರ ರಾತ್ರಿಯ ಹಡಗಿನ ಹೆಚ್ಚಿನ ದರವನ್ನು ಚಿಕ್ಕ ಹಗಲಿನ ಉಳಿಸಿದ ಗಂಟೆಗಳು ತುಂಬಿಕೊಡುತ್ತವೆಯೇ ಎಂಬ ಲೆಕ್ಕವನ್ನು ಇಬ್ಬರೂ ಈಗ ಹಾಕುತ್ತಿದ್ದಾರೆ. ನನ್ನ ಮಟ್ಟಿಗೆ ಅಕ್ಟೋಬರ್‌ನಲ್ಲಿ ಅದು ಕೊಡಬೇಕಾದ ಬೆಲೆಯೇ.